ನೀರಿನ ಮಾತ್ರೆ: ಕೊಟ್ಟ ಮೇಲೆ ಏನು ನೋಡಬೇಕು?

ಕಳೆದ ತಿಂಗಳು ಒಂದು ಸಂಜೆ ಪರಿಚಯದ ಮನೆಯ ಹುಡುಗಿಯೊಬ್ಬಳು ತನ್ನ ಅಜ್ಜಿಯನ್ನು ಕರೆದುಕೊಂಡು ನಮ್ಮ ಕ್ಲಿನಿಕ್ಕಿಗೆ ಬಂದಳು. ಅಜ್ಜಿಗೆ ಹೃದಯದ ತೊಂದರೆ. ನಾಲ್ಕು ವರ್ಷಗಳಿಂದ ನನ್ನಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾರೆ. ಮೊಮ್ಮಗಳು ನರ್ಸಿಂಗ್ ಓದು ಮುಗಿಸಿ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿ ಎರಡು ವಾರವಾಗಿತ್ತಷ್ಟೆ. ಅಜ್ಜಿಯ ಬಿ.ಪಿ. ನೋಡಿ, ಚೀಟಿ ಬರೆದು ಮುಗಿಸಿದ ಮೇಲೆ ಹುಡುಗಿ ಸ್ವಲ್ಪ ಸಂಕೋಚದಿಂದ ಕೇಳಿದಳು: "ಡಾಕ್ಟರೇ, ವಾರ್ಡಿನಲ್ಲಿ ಎಷ್ಟೋ ಪೇಷಂಟುಗಳಿಗೆ ಲಾಸಿಕ್ಸ್ ಬರೆದಿರ್ತಾರೆ. ಕೊಡೋದೇನೋ ಕೊಡ್ತೀನಿ. ಆದ್ರೆ ಕೊಟ್ಟ ಮೇಲೆ ಏನು ನೋಡ್ಬೇಕು ಅಂತ ಸರಿಯಾಗಿ ಗೊತ್ತಾಗ್ತಿಲ್ಲ. ಸೀನಿಯರ್ ಸಿಸ್ಟರನ್ನ ಕೇಳೋಕೆ ಭಯ."

ಪಕ್ಕದಲ್ಲಿ ಕುಳಿತಿದ್ದ ಅಜ್ಜಿ, "ನಂಗೂ ಅದೇ ಮಾತ್ರೆ ಅಲ್ವೇನಪ್ಪ? ಮನೇಲಿ ಸೊಸೆ ಕೊಡ್ತಾಳೆ. ಅವಳೂ ಏನೂ ನೋಡಲ್ಲ" ಎಂದರು.

ಅಜ್ಜಿ ತಮಾಷೆಗೆ ಆಡಿದ ಮಾತು ನಿಜವೇ ಆಗಿತ್ತು. ಜ್ವರದ ಮಾತ್ರೆ ನುಂಗಿದರೆ ಜ್ವರ ಇಳಿದದ್ದು ಎಲ್ಲರಿಗೂ ತಿಳಿಯುತ್ತದೆ. ಈ ಮಾತ್ರೆ ಹಾಗಲ್ಲ. ಸಾಕಾದಷ್ಟು ಕೆಲಸ ಮಾಡಿತೇ, ಸಾಲದೇ, ಹೆಚ್ಚಾಯಿತೇ ಎಂಬುದು ನೋಡುವವರಿದ್ದರೆ ಮಾತ್ರ ತಿಳಿಯುತ್ತದೆ. ವಾರ್ಡಿನಲ್ಲಿ ನೋಡಬೇಕಾದವರು ನರ್ಸ್. ಮನೆಯಲ್ಲಿ ಸೊಸೆ, ಮಗ, ಇಲ್ಲವೆ ಸ್ವತಃ ರೋಗಿ. ನೋಡಬೇಕಾದ ಸಂಗತಿಗಳು ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ. ಆ ಹುಡುಗಿಗೆ ಅಂದು ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಈ ವಾರ ಬರೆಯುತ್ತಿದ್ದೇನೆ.

ಹೊರಹೋಗುವುದು ಬರೀ ನೀರಲ್ಲ

ವೈದ್ಯರು ಈ ಔಷಧಿಗಳನ್ನು ಮೂತ್ರವರ್ಧಕಗಳು ಎನ್ನುತ್ತಾರೆ. ಜನರ ಬಾಯಲ್ಲಿ ಇವು ನೀರಿನ ಮಾತ್ರೆ. ಹೃದಯ ದುರ್ಬಲವಾಗಿ ಕಾಲು ಬಾತುಕೊಂಡಾಗ, ಶ್ವಾಸಕೋಶದಲ್ಲಿ ನೀರು ತುಂಬಿ ಮಲಗಲಾರದೆ ರೋಗಿ ರಾತ್ರಿಯೆಲ್ಲ ಕುಳಿತೇ ಕಳೆಯುವಾಗ, ಯಕೃತ್ತು ಕೆಟ್ಟು ಹೊಟ್ಟೆಯಲ್ಲಿ ನೀರು ಸೇರಿದಾಗ, ಮೂತ್ರಪಿಂಡದ ಕೆಲವು ಕಾಯಿಲೆಗಳಲ್ಲಿ, ರಕ್ತದ ಒತ್ತಡ ಹೆಚ್ಚಿದ್ದಾಗ ಇವುಗಳನ್ನು ಕೊಡಲಾಗುತ್ತದೆ.

ನಮ್ಮ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಮನೆಯ ಮೇಲಿನ 500 ಲೀಟರ್ ಟ್ಯಾಂಕಿನ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು! ಆದರೆ ನಾವು ವಿಸರ್ಜಿಸುವ ಮೂತ್ರ ದಿನಕ್ಕೆ ಒಂದೂವರೆ ಲೀಟರ್ ಆಸುಪಾಸು. ಉಳಿದುದೆಲ್ಲ ಮೂತ್ರಪಿಂಡದೊಳಗಿನ ಕೂದಲೆಳೆಯಂಥ ನಾಳಗಳಲ್ಲಿ ಹರಿಯುವಾಗಲೇ ಮತ್ತೆ ರಕ್ತಕ್ಕೆ ಹೀರಲ್ಪಡುತ್ತದೆ. ಹೀರುವ ಕ್ರಮ ಹೀಗೆ: ಮೊದಲು ಉಪ್ಪನ್ನು, ಅಂದರೆ ಸೋಡಿಯಂ ಲವಣವನ್ನು, ನಾಳದ ಗೋಡೆ ಒಳಕ್ಕೆ ಎಳೆದುಕೊಳ್ಳುತ್ತದೆ. ಉಪ್ಪು ಹೋದ ಕಡೆ ನೀರು ಹಿಂಬಾಲಿಸುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಉಪ್ಪು ನೀರೊಡೆಯುವುದನ್ನು ಅಡುಗೆಮನೆಯಲ್ಲಿ ಎಲ್ಲರೂ ಕಂಡಿದ್ದೀರಿ. ಉಪ್ಪಿಗೂ ನೀರಿಗೂ ಇರುವ ನಂಟು ಅಂಥದು.

ಮೂತ್ರವರ್ಧಕಗಳು ಮಾಡುವುದು ಇಷ್ಟೆ. ನಾಳದ ಗೋಡೆ ಉಪ್ಪನ್ನು ಎಳೆದುಕೊಳ್ಳುವ ಬಾಗಿಲನ್ನು ಮುಚ್ಚುತ್ತವೆ. ಉಪ್ಪು ನಾಳದಲ್ಲೇ ಉಳಿಯುತ್ತದೆ, ನೀರೂ ಅದರ ಜೊತೆ ಉಳಿದು ಮೂತ್ರವಾಗಿ ಹೊರಬೀಳುತ್ತದೆ. ಹಾಗಾಗಿ ನೀರಿನ ಮಾತ್ರೆ ಎನ್ನುವುದಕ್ಕಿಂತ ಉಪ್ಪು ಕಳೆಯುವ ಮಾತ್ರೆ ಎನ್ನುವುದೇ ಸರಿ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಮುಂದಿನದೆಲ್ಲ ಸುಲಭ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಉಪ್ಪು ಹಚ್ಚಿದ ಮಜ್ಜಿಗೆ ಮೆಣಸಿನಕಾಯಿ ತಿನ್ನುತ್ತಾ ಮಾತ್ರೆ ನುಂಗಿದರೆ ಅದು ಕೆಲಸ ಮಾಡದಿರುವುದು ಏಕೆಂದು ಆಗ ಬೇರೆ ಹೇಳಬೇಕಿಲ್ಲ.

ಯಾವ ಔಷಧಿ ಯಾವ ಬಾಗಿಲು ಮುಚ್ಚುತ್ತದೆ ಎಂಬುದರ ಮೇಲೆ ಅದರ ಶಕ್ತಿ ನಿಂತಿದೆ. ಫ್ಯೂರೊಸೆಮೈಡ್ (ಲಾಸಿಕ್ಸ್), ಟಾರ್ಸೆಮೈಡ್ (ಡೈಟಾರ್) ಇವು ಹೆನ್ಲೆ ಎಂಬ ಜರ್ಮನ್ ಅಂಗರಚನಾ ತಜ್ಞನ ಹೆಸರಿನ ಕುಣಿಕೆಯಲ್ಲಿ ಕೆಲಸ ಮಾಡುತ್ತವೆ. ಸೋಸಿದ ಉಪ್ಪಿನಲ್ಲಿ ಕಾಲು ಭಾಗದಷ್ಟು ಹೀರಲ್ಪಡುವುದು ಅಲ್ಲೇ ಆದ್ದರಿಂದ ಇವು ಬಲಶಾಲಿಗಳು. ಹೈಡ್ರೋಕ್ಲೋರೋಥಯಜೈಡ್, ಕ್ಲೋರ್‌ಥಾಲಿಡೋನ್ ಮೊದಲಾದವು ಮುಂದಿನ ತಿರುವಿನಲ್ಲಿ ಶೇಕಡಾ 5ರಷ್ಟು ಉಪ್ಪನ್ನು ಮಾತ್ರ ತಡೆಯುತ್ತವೆ. ಅವು ಸೌಮ್ಯ, ರಕ್ತದೊತ್ತಡಕ್ಕೆ ಹೆಚ್ಚು ಬಳಕೆ. ಸ್ಪೈರೊನೊಲ್ಯಾಕ್ಟೋನ್ (ಆಲ್ಡಾಕ್ಟೋನ್) ಕೊನೆಯ ಭಾಗದಲ್ಲಿ ಕೆಲಸ ಮಾಡುವಂಥದು. ನೀರು ತೆಗೆಯುವುದರಲ್ಲಿ ದುರ್ಬಲ, ಆದರೆ ಪೊಟ್ಯಾಸಿಯಂ ಅನ್ನು ದೇಹದಲ್ಲೇ ಉಳಿಸುವ ವಿಶೇಷ ಗುಣ ಅದಕ್ಕಿದೆ. ಸಕ್ಕರೆ ಕಾಯಿಲೆಗೆಂದು ಬಂದ ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆಗಳನ್ನು ಈಗ ಹೃದಯ ವೈಫಲ್ಯಕ್ಕೂ ಕೊಡುತ್ತಾರೆ. ಅವೂ ಮೂತ್ರವನ್ನು ಸ್ವಲ್ಪ ಹೆಚ್ಚಿಸುತ್ತವೆ. ಎರಡೂ ಜೊತೆಗಿದ್ದರೆ ಲೆಕ್ಕದಲ್ಲಿಟ್ಟುಕೊಳ್ಳಬೇಕು.

ಅಳತೆಯಿಂದಲೇ ಹುಟ್ಟಿದ ಔಷಧಿ

ಈ ಔಷಧಿಗಳ ಚರಿತ್ರೆಯೇ ಒಂದು ವಾರ್ಡಿನ ಚಾರ್ಟಿನಿಂದ ಶುರುವಾದದ್ದು. 1919ರಲ್ಲಿ ವಿಯೆನ್ನಾದ ಆಸ್ಪತ್ರೆಯೊಂದರಲ್ಲಿ ಆಲ್ಫ್ರೆಡ್ ಫೋಗ್ಲ್ ಎಂಬ ವೈದ್ಯಕೀಯ ವಿದ್ಯಾರ್ಥಿ ಸಿಫಿಲಿಸ್ ರೋಗಿಯೊಬ್ಬಳಿಗೆ ಪಾದರಸವಿದ್ದ ಚುಚ್ಚುಮದ್ದು ಕೊಟ್ಟ. ಆ ಕಾಲದಲ್ಲಿ ಆ ರೋಗಕ್ಕೆ ಪಾದರಸವನ್ನೂ ಔಷಧಿಯಾಗಿ ಕೊಡುತ್ತಿದ್ದರು. ಚುಚ್ಚುಮದ್ದು ಕೊಟ್ಟ ದಿನಗಳಲ್ಲೆಲ್ಲ ಆಕೆಯ ಮೂತ್ರದ ಪ್ರಮಾಣ ಏಕಾಏಕಿ ಏರಿದ್ದು ವಾರ್ಡಿನ ದಾಖಲೆಯಲ್ಲಿ ಕಂಡಿತು. ಮೂತ್ರವನ್ನು ಅಳೆದು ಬರೆದಿಡದೆ ಇದ್ದಿದ್ದರೆ ಯಾರಿಗೂ ಹೊಳೆಯುತ್ತಿರಲಿಲ್ಲ. ಹೃದಯ ವೈಫಲ್ಯದ ರೋಗಿಗಳಿಗೆ ಮುಂದಿನ ಹಲವು ದಶಕ ಪಾದರಸದ ಚುಚ್ಚುಮದ್ದೇ ಗತಿಯಾಯಿತು. ಅದು ವಿಷವೂ ಹೌದು. 1950ರ ದಶಕದ ಕೊನೆಯಲ್ಲಿ ಥಯಜೈಡ್ ಮಾತ್ರೆಗಳು, 1960ರ ದಶಕದಲ್ಲಿ ಫ್ಯೂರೊಸೆಮೈಡ್ ಬಂದ ಮೇಲೆ ಪಾದರಸ ಮೂಲೆ ಸೇರಿತು.

ಈಗಲೂ ಅಳತೆಯೇ ಮುಖ್ಯ. ಬಾಯಿಯ ಮೂಲಕ ಕೊಟ್ಟ ಫ್ಯೂರೊಸೆಮೈಡ್ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಕೆಲಸ ಆರಂಭಿಸಿ ಸುಮಾರು ಆರು ಗಂಟೆ ನಡೆಯುತ್ತದೆ. ರಕ್ತನಾಳಕ್ಕೆ ಕೊಟ್ಟರೆ ಐದೇ ನಿಮಿಷಕ್ಕೆ ಆರಂಭ, ಎರಡು ಗಂಟೆಗೆ ಮುಕ್ತಾಯ. ಆದ್ದರಿಂದ ಹೊಸ ನರ್ಸ್ ಮೊದಲು ಮಾಡಬೇಕಾದದ್ದು ಬಹಳ ಸಣ್ಣ ಕೆಲಸ. ಇಂಜೆಕ್ಷನ್ ಕೊಡುವ ಮುನ್ನವೇ ಯೂರಿನಲ್ ಅಥವಾ ಬೆಡ್‌ಪ್ಯಾನ್ ರೋಗಿಯ ಕೈಗೆಟುಕುವಂತೆ ಇಡಬೇಕು. ಏದುಸಿರು ಬಿಡುತ್ತಿರುವ ಮುದುಕರು ಮೂತ್ರಕ್ಕೆ ಅವಸರವಾಗಿ ಎದ್ದು, ಡ್ರಿಪ್ಪಿನ ಕೊಳವೆ ಎಳೆದುಕೊಂಡು ಬಿದ್ದ ಪ್ರಸಂಗಗಳನ್ನು ಕಂಡಿದ್ದೇನೆ.

ಇಂಜೆಕ್ಷನ್ ಕೊಟ್ಟು ಒಂದು ಗಂಟೆಯಾದರೂ ಮೂತ್ರ ಬರಲಿಲ್ಲವೆನ್ನಿ. ಹೊಸಬರು ಗಾಬರಿಯಿಂದ ವೈದ್ಯರನ್ನು ಕರೆದು ಇನ್ನೊಂದು ಡೋಸ್ ಕೇಳುತ್ತಾರೆ. ಅದಕ್ಕೆ ಮೊದಲು ಮೂತ್ರದ ನಳಿಕೆ ಹಾಕಿದ್ದರೆ ಅದು ರೋಗಿಯ ತೊಡೆಯ ಕೆಳಗೆ ಮಡಿಚಿಕೊಂಡಿದೆಯೇ ನೋಡಬೇಕು. ನಳಿಕೆ ಇಲ್ಲದಿದ್ದರೆ ಕಿಬ್ಬೊಟ್ಟೆಯ ಮೇಲೆ ಕೈಯಿಟ್ಟು ಮೂತ್ರಕೋಶ ಗುಂಡಗೆ ಉಬ್ಬಿದೆಯೇ ನೋಡಬೇಕು. ಪ್ರಾಸ್ಟೇಟ್ ಗ್ರಂಥಿ ಊದಿದ ಗಂಡಸರಲ್ಲಿ ಮೂತ್ರ ತಯಾರಾಗಿರುತ್ತದೆ, ಹೊರಬರಲು ದಾರಿ ಇರುವುದಿಲ್ಲ. ಅಂಥವರಿಗೆ ಇನ್ನೊಂದು ಡೋಸ್ ಕೊಟ್ಟರೆ ಯಾತನೆ ಹೆಚ್ಚುತ್ತದೆ, ಅಷ್ಟೆ. ಇವೆರಡೂ ಇಲ್ಲದೆ ದೊಡ್ಡವರಲ್ಲಿ ಮೂತ್ರ ಗಂಟೆಗೆ 30 ಮಿ.ಲೀ.ಗಿಂತ ಕಡಿಮೆಯಿದ್ದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು.

ಕಾಲಿನ ಬಾವಿಗಿಂತ ತೂಕ ನಂಬಿಗಸ್ತ

ಒಂದು ಲೀಟರ್ ನೀರಿನ ತೂಕ ಒಂದು ಕೆ.ಜಿ. ದೇಹದಲ್ಲಿ ಎರಡು ಮೂರು ಲೀಟರ್ ನೀರು ಹೆಚ್ಚುವರಿಯಾಗಿ ಸೇರುವವರೆಗೂ ಕಾಲಿನ ಮೇಲೆ ಬೆರಳೊತ್ತಿದರೆ ಗುಳಿ ಬೀಳುವುದು ಕಾಣದಿರಬಹುದು. ತೂಕದ ಯಂತ್ರ ಮಾತ್ರ ಮೊದಲ ಲೀಟರಿಗೇ ಸುಳಿವು ಕೊಡುತ್ತದೆ. ಹಾಸಿಗೆ ಹಿಡಿದ ರೋಗಿಯಲ್ಲಂತೂ ನೀರು ಕಾಲಿಗೆ ಇಳಿಯದೆ ಸೊಂಟದ ಹಿಂಭಾಗದಲ್ಲಿ ನಿಲ್ಲುತ್ತದೆ. ಕಾಲು ಮಾತ್ರ ನೋಡಿ "ಬಾವು ಇಲ್ಲ" ಎಂದು ಬರೆದರೆ ತಪ್ಪಾಗುತ್ತದೆ. ಪಕ್ಕಕ್ಕೆ ಹೊರಳಿಸಿ ಬೆನ್ನಿನ ಕೆಳಭಾಗವನ್ನೂ ಒತ್ತಿ ನೋಡಬೇಕು.

ತೂಕ ನೋಡುವುದಕ್ಕೂ ಕ್ರಮವಿದೆ. ಬೆಳಿಗ್ಗೆ ಎದ್ದು, ಮೂತ್ರ ಮಾಡಿ, ತಿಂಡಿಗೆ ಮುನ್ನ, ಅಷ್ಟೇ ಬಟ್ಟೆಯಲ್ಲಿ, ಅದೇ ಯಂತ್ರದ ಮೇಲೆ ನೋಡಬೇಕು. ಯಂತ್ರ ಗಟ್ಟಿ ನೆಲದ ಮೇಲಿರಬೇಕು, ಜಮಖಾನೆಯ ಮೇಲಲ್ಲ. ಹೃದಯದ ರೋಗಿಯ ತೂಕ ಮೂರು ದಿನದಲ್ಲಿ ಎರಡು ಕೆ.ಜಿ. ಏರಿದರೆ ಅದು ಮೈತುಂಬಿಕೊಂಡದ್ದಲ್ಲ, ನೀರು. ಉಬ್ಬಸ ಬರುವವರೆಗೆ ಕಾಯದೆ ವೈದ್ಯರಿಗೆ ತಿಳಿಸಬೇಕು. ತೂಕ ತೀರಾ ಬೇಗ ಇಳಿಯುವುದೂ ಅಷ್ಟೇ ಕೆಟ್ಟದ್ದು. ಯಕೃತ್ತಿನ ಕಾಯಿಲೆಯಿಂದ ಹೊಟ್ಟೆಯಲ್ಲಿ ನೀರು ಸೇರಿ, ಕಾಲು ಬಾತಿಲ್ಲದವರಲ್ಲಿ ದಿನಕ್ಕೆ ಅರ್ಧ ಕೆ.ಜಿ.ಗಿಂತ ಹೆಚ್ಚು ಇಳಿಸಬಾರದು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಸುಮಾರು ಇಪ್ಪತ್ತು ವರ್ಷದ ಹಿಂದೆ, ನಾನು ಹೌಸ್ ಸರ್ಜನ್ ಆಗಿದ್ದಾಗಿನ ಮಾತು. ಎಪ್ಪತ್ತರ ಹತ್ತಿರದ ಹೆಂಗಸೊಬ್ಬರು ಉಸಿರಾಡಲಾರದ ಸ್ಥಿತಿಯಲ್ಲಿ ದಾಖಲಾದರು. ಎದೆಯಲ್ಲಿ ನೀರು ತುಂಬಿತ್ತು. ದಿನಕ್ಕೆರಡು ಸಲ ಲಾಸಿಕ್ಸ್ ಇಂಜೆಕ್ಷನ್ ಬರೆದೆವು. ಮೂರನೆಯ ದಿನಕ್ಕೆ ಆಕೆ ದಿಂಬಿಗೊರಗಿ ಮಲಗಿದರು, ನಾಲ್ಕನೆಯ ದಿನ ಕಾಲಿನ ಬಾವು ಮಾಯವಾಯಿತು. ಮಕ್ಕಳು ಬಂದು ಕೈಮುಗಿದರು. ನಾವೆಲ್ಲ ಸಂತೋಷದಲ್ಲಿದ್ದೆವು. ಇಂಜೆಕ್ಷನ್ ನಿಲ್ಲಿಸಿ ಮಾತ್ರೆಗೆ ಇಳಿಸಬೇಕೆಂದು ಕೇಸ್ ಶೀಟಿನಲ್ಲಿ ಬರೆಯಬೇಕಾದವನು ನಾನು. ಬರೆಯಲಿಲ್ಲ.

ಆರನೆಯ ದಿನ ಬೆಳಗಿನ ಜಾವ ಐದೂವರೆಗೆ ವಾರ್ಡಿನಿಂದ ಫೋನ್. ಹೊಸದಾಗಿ ಸೇರಿದ್ದ ಸಿಸ್ಟರ್. "ಸರ್, ಅಜ್ಜಿಯ ತೂಕ ಎಂಟು ಕೆ.ಜಿ. ಇಳಿದಿದೆ. ಬಿ.ಪಿ. 90 ಇದೆ. ರಾತ್ರಿಯಿಂದ ಏನೇನೋ ಮಾತಾಡ್ತಿದ್ದಾರೆ. ಬೆಳಗಿನ ಲಾಸಿಕ್ಸ್ ಕೊಡಲಾ?" ಅರೆನಿದ್ದೆಯಲ್ಲಿದ್ದ ನಾನು, "ಬರೆದಿದೆಯಲ್ಲ, ಕೊಡಿ" ಎಂದೆ. ಆಕೆ ಒಂದು ಕ್ಷಣ ಸುಮ್ಮನಿದ್ದು, "ನೀವು ಒಮ್ಮೆ ಬಂದು ನೋಡಿದ ಮೇಲೆ ಕೊಡ್ತೀನಿ ಸರ್" ಎಂದರು. ಸಿಟ್ಟಿನಿಂದಲೇ ಹೋದೆ. ಅಜ್ಜಿಯ ನಾಲಿಗೆ ಒಣಗಿ ಒರಟಾಗಿತ್ತು, ಮಗನ ಗುರುತೂ ಹತ್ತುತ್ತಿರಲಿಲ್ಲ, ನಾಡಿ ತಪ್ಪಿ ತಪ್ಪಿ ಬಡಿಯುತ್ತಿತ್ತು. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ 2.4. ಅದು 3.5ರಿಂದ 5ರ ನಡುವೆ ಇರಬೇಕು. ಆ ಬೆಳಿಗ್ಗೆ ಇನ್ನೊಂದು ಇಂಜೆಕ್ಷನ್ ಹೋಗಿದ್ದರೆ ಏನಾಗುತ್ತಿತ್ತೆಂದು ನಾನು ಹೇಳಬೇಕಿಲ್ಲ. ಮೂರು ದಿನಗಳ ಆರೈಕೆಯ ನಂತರ ಅಜ್ಜಿ ಚೇತರಿಸಿಕೊಂಡು ಮನೆಗೆ ಹೋದರು. ಆ ಸಿಸ್ಟರಿಗೆ ನಾನು ಅಂದು ಒಂದು ಒಳ್ಳೆಯ ಮಾತನ್ನೂ ಹೇಳಲಿಲ್ಲ. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಆಕೆ ಮಾಡಿದ್ದು ದೊಡ್ಡ ಪಾಂಡಿತ್ಯದ ಕೆಲಸವೇನಲ್ಲ. ಇಂಜೆಕ್ಷನ್ ಕೊಡುವ ಮುನ್ನ ಬಿ.ಪಿ. ನೋಡಿದರು, ತೂಕದ ಚಾರ್ಟ್ ನೋಡಿದರು, ರೋಗಿಯ ಮುಖ ನೋಡಿದರು. ಮೂರೂ ಒಂದಕ್ಕೊಂದು ಹೊಂದಲಿಲ್ಲ, ಕೈ ತಡೆದರು. ನರ್ಸ್ ಆಗಿ ಸೇರಿರುವ ಹುಡುಗ ಹುಡುಗಿಯರಿಗೆ ಹೇಳುತ್ತೇನೆ: ಬರೆದದ್ದನ್ನು ಪ್ರಶ್ನಿಸಿದರೆ ಡಾಕ್ಟರು ರೇಗಬಹುದು. ರೇಗಲಿ ಬಿಡಿ.

ಪೊಟ್ಯಾಸಿಯಂ ಎಂಬ ಎರಡಲಗಿನ ಕತ್ತಿ

ಲಾಸಿಕ್ಸ್ ಮತ್ತು ಥಯಜೈಡ್ ಜಾತಿಯ ಮಾತ್ರೆಗಳಿಂದ ಸೋಡಿಯಂ ಜೊತೆಗೆ ಪೊಟ್ಯಾಸಿಯಂ ಸಹ ಹೊರಹೋಗುತ್ತದೆ. ಸ್ನಾಯುಗಳು ಸಂಕುಚಿಸಲು, ಹೃದಯ ತಾಳತಪ್ಪದೆ ಬಡಿಯಲು ಈ ಲವಣ ಬೇಕು. ಕಡಿಮೆಯಾದಾಗ ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ, ಕೈಕಾಲಿನಲ್ಲಿ ಶಕ್ತಿಯೇ ಇಲ್ಲವೆನಿಸುತ್ತದೆ, ಮಲಬದ್ಧತೆಯಾಗುತ್ತದೆ. "ವಯಸ್ಸಾಯ್ತಲ್ಲ" ಎಂದು ಮನೆಯವರು ಸುಮ್ಮನಾಗುತ್ತಾರೆ. ಡಿಜಾಕ್ಸಿನ್ ಮಾತ್ರೆಯನ್ನೂ ತೆಗೆದುಕೊಳ್ಳುವವರಲ್ಲಿ ಇದು ಇನ್ನೂ ಅಪಾಯ. ಪೊಟ್ಯಾಸಿಯಂ ಇಳಿದರೆ ಡಿಜಾಕ್ಸಿನ್ ಅದೇ ಡೋಸಿನಲ್ಲೇ ವಿಷವಾಗುತ್ತದೆ. ವಾಕರಿಕೆ, ಊಟ ಸೇರದಿರುವುದು, ಕಣ್ಣಿಗೆ ಎಲ್ಲ ಹಳದಿಯಾಗಿ ಕಾಣುವುದು ಅದರ ಸೂಚನೆಗಳು. ನಾಡಿ 60ಕ್ಕಿಂತ ಕಡಿಮೆಯಿದ್ದರೆ ಡಿಜಾಕ್ಸಿನ್ ತಡೆಹಿಡಿದು ವೈದ್ಯರನ್ನು ಕೇಳಬೇಕೆಂಬುದು ನರ್ಸುಗಳು ಕಲಿಯುವ ಹಳೆಯ ಪಾಠ. ಅದನ್ನು ಮನೆಯವರೂ ಕಲಿಯಬಹುದು.

ಇಷ್ಟು ಓದಿದ ಕೂಡಲೇ ಎಷ್ಟೋ ಮಂದಿ ಎಳನೀರು ತರಿಸಲು ಹೊರಡುತ್ತಾರೆಂದು ನನಗೆ ಗೊತ್ತು. ಸ್ವಲ್ಪ ನಿಲ್ಲಿ. ಎಳನೀರು, ಬಾಳೆಹಣ್ಣು, ಕಿತ್ತಳೆಯಲ್ಲಿ ಪೊಟ್ಯಾಸಿಯಂ ಧಾರಾಳವಾಗಿದೆ, ನಿಜ. ಆದರೆ ನಿಮ್ಮ ಚೀಟಿಯಲ್ಲಿ ಸ್ಪೈರೊನೊಲ್ಯಾಕ್ಟೋನ್ ಇದೆಯೇ? ಲಾಸಿಕ್ಸ್ ಜೊತೆ ಅದನ್ನು ಸೇರಿಸಿ ಮಾಡಿದ ಲಾಸಿಲ್ಯಾಕ್ಟೋನ್ ಎಂಬ ಮಾತ್ರೆ ನಮ್ಮಲ್ಲಿ ಬಹಳ ಬಳಕೆಯಲ್ಲಿದೆ. ಅದರ ಮೇಲೆ ಬಿ.ಪಿ.ಗೆ ಎನಲಪ್ರಿಲ್, ರಾಮಿಪ್ರಿಲ್, ಲೊಸಾರ್ಟನ್, ಟೆಲ್ಮಿಸಾರ್ಟನ್ ಇವುಗಳಲ್ಲಿ ಒಂದಿದ್ದರೆ ಪೊಟ್ಯಾಸಿಯಂ ಇಳಿಯುವ ಬದಲು ಏರುತ್ತದೆ. ಮೂತ್ರಪಿಂಡ ಸೊರಗಿದವರಲ್ಲಂತೂ ಇನ್ನೂ ಬೇಗ. ಏರಿದ ಪೊಟ್ಯಾಸಿಯಂ ಎಚ್ಚರಿಕೆಯನ್ನೇ ಕೊಡದೆ ಹೃದಯವನ್ನು ನಿಲ್ಲಿಸಬಲ್ಲದು. ಅಂಗಡಿಯಲ್ಲಿ ಸಿಗುವ ಲೋ ಸೋಡಿಯಂ ಉಪ್ಪು ಬಿ.ಪಿ.ಗೆ ಒಳ್ಳೆಯದೆಂದು ತಂದುಕೊಳ್ಳುವವರೂ ಗಮನಿಸಬೇಕು. ಅದರಲ್ಲಿ ಸೋಡಿಯಂ ಬದಲಿಗೆ ಸೇರಿಸಿರುವುದು ಪೊಟ್ಯಾಸಿಯಂ ಕ್ಲೋರೈಡ್.

ಹಾಗೆಂದು ಸ್ಪೈರೊನೊಲ್ಯಾಕ್ಟೋನ್‌ಗೆ ಹೆದರಿ ಬಿಡಬೇಕಾಗಿಲ್ಲ. ತೀವ್ರ ಹೃದಯ ವೈಫಲ್ಯದ ರೋಗಿಗಳಲ್ಲಿ ಅದು ಸಾವಿನ ಪ್ರಮಾಣವನ್ನು ಶೇಕಡಾ 30ರಷ್ಟು ತಗ್ಗಿಸಿತೆಂದು 1999ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿತು. ಬೇಕಾದದ್ದು ರಕ್ತ ಪರೀಕ್ಷೆ: ಆರಂಭಿಸಿದ ಒಂದು ವಾರಕ್ಕೆ, ನಾಲ್ಕು ವಾರಕ್ಕೆ, ಆಮೇಲೆ ಕೆಲವು ತಿಂಗಳಿಗೊಮ್ಮೆ. ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ ಮೂರನ್ನೂ ನೋಡಬೇಕು. ಹಣ ಉಳಿಸಲು ಜನ ಮೊದಲು ಬಿಡುವುದು ಈ ಪರೀಕ್ಷೆಯನ್ನೇ. ಗಂಡಸರಲ್ಲಿ ಈ ಮಾತ್ರೆಯಿಂದ ಎದೆ ಊದಿ ನೋಯುವುದುಂಟು. ನಾಚಿಕೆಯಿಂದ ಮುಚ್ಚಿಟ್ಟುಕೊಳ್ಳದೆ ಹೇಳಿದರೆ ಮಾತ್ರೆ ಬದಲಾಯಿಸಬಹುದು.

ಥಯಜೈಡ್ ಮಾತ್ರೆಗಳದು ಬೇರೆ ಕಥೆ. ವಯಸ್ಸಾದ ಹೆಂಗಸರಲ್ಲಿ, ಅದರಲ್ಲೂ ತೆಳ್ಳಗಿರುವವರಲ್ಲಿ, ಇವು ಸೋಡಿಯಂ ಅನ್ನು ಬಹಳ ಇಳಿಸಬಹುದು. ಹೊಸದಾಗಿ ಬಿ.ಪಿ. ಮಾತ್ರೆ ಶುರು ಮಾಡಿದ ಅಜ್ಜಿ ಎರಡು ಮೂರು ವಾರದಲ್ಲಿ ಮಂಕಾದರೆ, ಹೊತ್ತುಗೊತ್ತು ಮರೆತರೆ ಅರಳುಮರಳು ಎಂದು ತೀರ್ಮಾನಿಸುವ ಮುನ್ನ ಸೋಡಿಯಂ ಪರೀಕ್ಷೆ ಮಾಡಿಸಿ. ಯೂರಿಕ್ ಆಮ್ಲ ಏರಿ ಹೆಬ್ಬೆರಳಿನ ಕೀಲು ಊದುವುದು, ಸಕ್ಕರೆ ಅಂಶ ತುಸು ಏರುವುದು ಸಹ ಉಂಟು.

ವಾರ್ಡಿನ ಕೆಲವು ಸೂಕ್ಷ್ಮಗಳು

ಈ ಭಾಗ ಮುಖ್ಯವಾಗಿ ಹೊಸ ನರ್ಸುಗಳಿಗೆ. ಫ್ಯೂರೊಸೆಮೈಡನ್ನು ರಕ್ತನಾಳಕ್ಕೆ ನಿಧಾನವಾಗಿ ಕೊಡಬೇಕು. 20ರಿಂದ 40 ಮಿ.ಗ್ರಾಂ.ಗೆ ಒಂದೆರಡು ನಿಮಿಷ ಬೇಕು. ದೊಡ್ಡ ಡೋಸನ್ನು ಡ್ರಿಪ್ಪಿನಲ್ಲಿ ಕೊಡುವಾಗ ನಿಮಿಷಕ್ಕೆ 4 ಮಿ.ಗ್ರಾಂ. ಮೀರಬಾರದು. ಅವಸರದಲ್ಲಿ ತಳ್ಳಿದರೆ ಕಿವಿಯಲ್ಲಿ ಗುಂಯ್‌ಗುಡುವಿಕೆ, ಕಿವುಡುತನ ಬರಬಹುದು. ಜೆಂಟಾಮೈಸಿನ್, ಅಮಿಕಾಸಿನ್ ಇಂಜೆಕ್ಷನ್‌ಗಳೂ ನಡೆಯುತ್ತಿದ್ದರೆ ಆ ಅಪಾಯ ಹೆಚ್ಚು. "ಸಿಸ್ಟರ್, ಕಿವಿ ಮುಚ್ಚಿದಂಗಾಗ್ತಿದೆ" ಎಂದು ರೋಗಿ ಹೇಳಿದರೆ ಅದನ್ನು ಗೊಣಗಾಟವೆಂದು ತಳ್ಳಿಹಾಕಬಾರದು.

ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲನ್ನು ಎಂದಿಗೂ, ಯಾರು ಹೇಳಿದರೂ, ನೇರವಾಗಿ ರಕ್ತನಾಳಕ್ಕೆ ಚುಚ್ಚಬಾರದು. ಹೃದಯ ಅಲ್ಲೇ ನಿಲ್ಲುತ್ತದೆ. ಬಾಟಲಿಯಲ್ಲಿ ಚೆನ್ನಾಗಿ ಬೆರೆಸಿ ನಿಧಾನವಾಗಿ ಹನಿಸಬೇಕು. ಆಂಪೂಲನ್ನು ಇತರ ಔಷಧಿಗಳಿಂದ ಬೇರೆಯಾಗಿಯೇ ಇಡಬೇಕು. ತಲೆಗೆ ಪೆಟ್ಟುಬಿದ್ದವರಿಗೆ ಮಿದುಳಿನ ಊತ ಇಳಿಸಲು ಕೊಡುವ ಮ್ಯಾನಿಟಾಲ್ ಬೇರೆ ಜಾತಿಯ ಮೂತ್ರವರ್ಧಕ. ಚಳಿಗೆ ಅದರ ಬಾಟಲಿಯಲ್ಲಿ ಹರಳುಗಟ್ಟುತ್ತದೆ. ಬೆಳಕಿಗೆ ಹಿಡಿದು ನೋಡಿ, ಹರಳಿದ್ದರೆ ಬಿಸಿನೀರಿನಲ್ಲಿಟ್ಟು ಕರಗಿಸಿ, ಮೈಬಿಸಿಗೆ ಆರಿದ ಮೇಲೆ ಮಾತ್ರ ಹಾಕಬೇಕು.

ಹೆಸರಿನ ಗೊಂದಲವೂ ಸಣ್ಣ ವಿಷಯವಲ್ಲ. ಅಮೆರಿಕದಲ್ಲಿ ಹೊಟ್ಟೆಹುಣ್ಣಿನ ಲೋಸೆಕ್ ಎಂಬ ಔಷಧಿ ಮತ್ತು ಲಾಸಿಕ್ಸ್ ನಡುವೆ ಅದಲುಬದಲಾಗಿ, ಕೊನೆಗೆ 1990ರಲ್ಲಿ ಲೋಸೆಕ್‌ನ ಹೆಸರನ್ನೇ ಪ್ರಿಲೋಸೆಕ್ ಎಂದು ಬದಲಿಸಬೇಕಾಯಿತು. ನಮ್ಮ ವೈದ್ಯರ ಕೈಬರಹದ ಖ್ಯಾತಿ ನಿಮಗೆ ತಿಳಿದದ್ದೇ. ಓದಲಾಗದಿದ್ದರೆ ಕೇಳಿ, ಊಹಿಸಬೇಡಿ.

ಯಾವ ಹೊತ್ತಿಗೆ, ಯಾವ ದಿನ ಬೇಡ?

ಮನೆಯಲ್ಲಿ ಈ ಮಾತ್ರೆಯನ್ನು ಬೆಳಿಗ್ಗೆ ಕೊಡಬೇಕು. ಎರಡನೆಯ ಡೋಸ್ ಇದ್ದರೆ ಮಧ್ಯಾಹ್ನ ಎರಡು ಮೂರು ಗಂಟೆಯೊಳಗೆ ಮುಗಿಸಬೇಕು. ರಾತ್ರಿ ಊಟದ ನಂತರ ಎಲ್ಲ ಮಾತ್ರೆಗಳ ಜೊತೆ ಇದನ್ನೂ ನುಂಗಿಸಿದರೆ ಮುದುಕರು ನಾಲ್ಕು ಸಲ ಕತ್ತಲಲ್ಲಿ ಬಚ್ಚಲಿಗೆ ಹೋಗುತ್ತಾರೆ. ಹಾಸಿಗೆಯಿಂದ ದಡಕ್ಕನೆ ಎದ್ದಾಗ ರಕ್ತದೊತ್ತಡ ಕುಸಿದು ಕಣ್ಣು ಕತ್ತಲಿಡುತ್ತದೆ. ತೊಡೆಮೂಳೆ ಮುರಿದ ಹಿರಿಯರನ್ನು ವಿಚಾರಿಸಿದಾಗ ಹಿಂದೆ ಇಂಥ ಕಾರಣ ಸಿಕ್ಕಿದ್ದು ನನ್ನ ಅನುಭವದಲ್ಲೇ ಹಲವು ಸಲ. ಎದ್ದು ಕುಳಿತು, ಒಂದೆರಡು ನಿಮಿಷ ಕಾಲು ಇಳಿಬಿಟ್ಟುಕೊಂಡು, ಆಮೇಲೆ ನಿಲ್ಲುವ ಅಭ್ಯಾಸ ಮಾಡಿಸಿ. ನರ್ಸುಗಳು ಮಲಗಿದಾಗಿನ ಬಿ.ಪಿ.ಯನ್ನೂ ನಿಂತಾಗಿನ ಬಿ.ಪಿ.ಯನ್ನೂ ನೋಡಬೇಕು. ಮೇಲಿನ ಸಂಖ್ಯೆ 20 ಅಥವಾ ಹೆಚ್ಚು ಇಳಿದರೆ ತಿಳಿಸಬೇಕು.

ಬಸ್ ಪ್ರಯಾಣದ ದಿನ ಮಾತ್ರೆ ತಪ್ಪಿಸುವವರು ಬಹಳ. ದಾರಿಯಲ್ಲಿ ಬಸ್ ನಿಲ್ಲಿಸುವುದಿಲ್ಲ, ನಿಲ್ಲಿಸಿದರೂ ಹೆಂಗಸರಿಗೆ ಹೋಗಲು ಜಾಗವಿರುವುದಿಲ್ಲ. ಅವರ ಕಷ್ಟ ನ್ಯಾಯವಾದದ್ದೇ. ಮೂರು ದಿನದ ಯಾತ್ರೆಗೆ ಮೂರೂ ದಿನ ಬಿಟ್ಟು, ವಾಪಸ್ ಬರುವಾಗ ನೇರ ಆಸ್ಪತ್ರೆಗೆ ಬಂದವರಿದ್ದಾರೆ. ಬಿಡುವ ಬದಲು ಊರು ತಲುಪಿದ ಮೇಲೆ ತೆಗೆದುಕೊಳ್ಳಬಹುದೇ ಎಂದು ಮೊದಲೇ ವೈದ್ಯರನ್ನು ಕೇಳಿ. ಸಾಮಾನ್ಯವಾಗಿ ಹೊತ್ತನ್ನು ಹಿಂದುಮುಂದು ಮಾಡಿಕೊಳ್ಳಲು ಅಡ್ಡಿಯಿಲ್ಲ.

ವಾಂತಿ, ಭೇದಿ, ಊಟವಿಲ್ಲದ ಜ್ವರ ಇರುವ ದಿನ ಮಾತ್ರ ಬೇರೆ ನಿಯಮ. ದೇಹ ತಾನಾಗಿಯೇ ನೀರು ಕಳೆದುಕೊಳ್ಳುತ್ತಿರುವಾಗ ಮಾತ್ರೆಯೂ ಕಳೆದರೆ ಮೂತ್ರಪಿಂಡ ಒಂದೆರಡು ದಿನದಲ್ಲೇ ಸೋಲಬಹುದು. ಮಾತ್ರೆ ಕೊಡುವ ಮುನ್ನ ಅಂದೇ ವೈದ್ಯರಿಗೆ ಫೋನ್ ಮಾಡಿ. ಬಹಳಷ್ಟು ಸಂದರ್ಭದಲ್ಲಿ ಭೇದಿ ನಿಲ್ಲುವವರೆಗೆ ನಿಲ್ಲಿಸಲು ಹೇಳುತ್ತೇವೆ. ಇನ್ನೊಂದು ಕೆಟ್ಟ ಜೋಡಿ ಮಂಡಿನೋವಿನ ಮಾತ್ರೆಗಳದು. ಮೂತ್ರವರ್ಧಕ, ಟೆಲ್ಮಿಸಾರ್ಟನ್ ಅಥವಾ ಎನಲಪ್ರಿಲ್ ಬಗೆಯ ಬಿ.ಪಿ. ಮಾತ್ರೆ, ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ಮೂರೂ ಸೇರಿದರೆ ಮೂತ್ರಪಿಂಡಕ್ಕೆ ಮೂರು ಕಡೆಯಿಂದ ಏಟು. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತರುವ ಮುನ್ನ ಚೀಟಿ ತೋರಿಸಿ.

ಎಲ್ಲ ಬಾವಿಗೂ ಇದಲ್ಲ

ಕಾಲು ಬಾತಿತೆಂದ ಮಾತ್ರಕ್ಕೆ ನೀರಿನ ಮಾತ್ರೆ ಬೇಕಾಗುವುದಿಲ್ಲ. ಬಿ.ಪಿ.ಗೆ ಕೊಡುವ ಅಮ್ಲೋಡಿಪಿನ್ ಮಾತ್ರೆಯಿಂದಲೇ ಎಷ್ಟೋ ಮಂದಿಗೆ ಪಾದ ಊದುತ್ತದೆ. ಅಲ್ಲಿ ತಪ್ಪು ರಕ್ತನಾಳದ್ದು, ಹೆಚ್ಚುವರಿ ನೀರಿನದ್ದಲ್ಲ. ಲಾಸಿಕ್ಸ್‌ನಿಂದ ಅದು ಸರಿಹೋಗುವುದಿಲ್ಲ. ಒಂದು ಮಾತ್ರೆಯ ತೊಂದರೆಗೆ ಇನ್ನೊಂದು, ಅದರ ಸೆಳೆತಕ್ಕೆ ಮತ್ತೊಂದು ಎಂದು ಚೀಟಿ ಉದ್ದವಾಗುತ್ತದೆ, ಅಷ್ಟೆ. ಗರ್ಭಿಣಿಯರ ಕಾಲಿನ ಬಾವಿಗೆ ಮನೆಯಲ್ಲಿರುವ ಅತ್ತೆಯ ಮಾತ್ರೆ ಕೊಡಲೇಬಾರದು. ಬಿ.ಪಿ. ಮತ್ತು ಮೂತ್ರ ಪರೀಕ್ಷೆ ಮಾಡಿಸಬೇಕು.

ತೆಳ್ಳಗಾಗಲು ಇದನ್ನು ನುಂಗುವವರೂ ಇದ್ದಾರೆ. ಇಳಿಯುವುದು ನೀರಿನ ತೂಕ, ಕೊಬ್ಬಲ್ಲ. ಎರಡು ಲೋಟ ನೀರು ಕುಡಿದರೆ ಅಷ್ಟೂ ವಾಪಸ್. ಕ್ರಿಕೆಟ್ ನೋಡುವವರಿಗೆ ನೆನಪಿರಬಹುದು: 2003ರ ವಿಶ್ವಕಪ್ ಹೊಸ್ತಿಲಲ್ಲಿ ಶೇನ್ ವಾರ್ನ್ ತಾಯಿ ಕೊಟ್ಟ ಮಾತ್ರೆಯೆಂದು ನುಂಗಿದ್ದು ಮೂತ್ರವರ್ಧಕವೇ. ಇತರ ನಿಷಿದ್ಧ ಔಷಧಿಗಳನ್ನು ಮೂತ್ರದಲ್ಲಿ ತೆಳುವಾಗಿಸಿ ಮರೆಮಾಚಬಲ್ಲದೆಂಬ ಕಾರಣಕ್ಕೆ ಕ್ರೀಡೆಯಲ್ಲಿ ಇದಕ್ಕೆ ನಿಷೇಧವಿದೆ. ಒಂದು ವರ್ಷ ಆಟದಿಂದ ಹೊರಗುಳಿಯಬೇಕಾಯಿತು.

ಅಂದು ಬಂದಿದ್ದ ಹುಡುಗಿ ಇದರಲ್ಲಿ ಅರ್ಧವನ್ನು ತನ್ನ ಪುಟ್ಟ ಡೈರಿಯಲ್ಲಿ ಬರೆದುಕೊಂಡಳು. ಮೊನ್ನೆ ಅವಳ ತಾಯಿ, ಅಂದರೆ ಅಜ್ಜಿಯ ಸೊಸೆ, ಫೋನ್ ಮಾಡಿದ್ದರು. ತೂಕದ ಯಂತ್ರ ಕೊಂಡಿದ್ದಾರೆ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿದಿನದ ಚೌಕದೊಳಗೆ, ಹಾಲಿನ ಲೆಕ್ಕದ ಪಕ್ಕದಲ್ಲೇ, ಅತ್ತೆಯ ತೂಕ ಬರೆಯುತ್ತಾರಂತೆ. "ಮೂರು ದಿನದಲ್ಲಿ 51ರಿಂದ 53 ಆಗಿದೆ ಡಾಕ್ಟರೇ, ಕಾಲೇನೂ ಊದಿಲ್ಲ. ನೋಡಬೇಕಾ?" ಎಂದರು. ವಿಚಾರಿಸಿದಾಗ ನೆಂಟರ ಮದುವೆ, ಎರಡು ದಿನದ ಊಟ, ಅಜ್ಜಿಗೆ ಪ್ರಿಯವಾದ ಮಾವಿನಮಿಡಿ ಉಪ್ಪಿನಕಾಯಿಯ ವಿಷಯ ಹೊರಬಿತ್ತು. ಸಂಜೆ ಕರೆಸಿ ನೋಡಿದೆ. ಎದೆಯ ಕೆಳಭಾಗದಲ್ಲಿ ಆಗಲೇ ಸಣ್ಣಗೆ ಸದ್ದು ಕೇಳುತ್ತಿತ್ತು. ಮೂರು ದಿನದ ಮಟ್ಟಿಗೆ ಮಾತ್ರೆ ಹೆಚ್ಚಿಸಿದೆ. ಈಗ ತೂಕ 51ಕ್ಕೆ ಬಂದಿದೆ, ಉಪ್ಪಿನಕಾಯಿಯ ಭರಣಿ ಅಟ್ಟ ಸೇರಿದೆ.